ಹುಲ್ಲಿನಲ್ಲಿ ಮಲಗುವ ಹದ್ದುಗಳು

(ಚಳಿಗಾಲದ ಹಕ್ಕಿ ಗಣತಿಗೆ ಪೂರ್ವಭಾವಿಯಾಗಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹಕ್ಕಿ ಗಣತಿ ಎಂದೊಡನೆ ನಮ್ಮ ಕಡೆಯ ಜನ ಕೇಳುವ ಮೊದಲ ಪ್ರಶ್ನೆ ಒಂದೇ: "ನಮ್ಮ ಈ ಬೋಳುಗುಡ್ಡದಲ್ಲಿ ಏನಿದೆ? ಹಕ್ಕಿ ನೋಡಬೇಕಾದರೆ ಮಲೆನಾಡಿಗೆ ಹೋಗಿ, ಇಲ್ಲವೆ ರಂಗನತಿಟ್ಟಿಗೆ ಹೋಗಿ." ಈ ಮಾತಿನಲ್ಲಿ ವಿನಯವಿದೆ, ಆದರೆ ಸತ್ಯವಿಲ್ಲ. ದಟ್ಟ ಕಾಡಿನಲ್ಲಿ ಬದುಕಲಾರದ, ಬೋಳುಗುಡ್ಡವನ್ನೇ, ಕುರುಚಲನ್ನೇ, ಹುಲ್ಲುಗಾವಲನ್ನೇ ನಂಬಿ ಸಾವಿರಾರು ಕಿಲೋಮೀಟರ್ ಹಾರಿ ಬರುವ ಹಕ್ಕಿಗಳಿವೆ. ಅವುಗಳಲ್ಲಿ ಕೆಲವು ಇಂದು ಜಗತ್ತಿನಲ್ಲೇ ವಿರಳವಾಗುತ್ತಿವೆ. ಅವು ಎಲ್ಲಿವೆ, ಹೇಗಿವೆ, ಅವುಗಳನ್ನು ಹೇಗೆ ಎಣಿಸಬೇಕು, ಎಣಿಸಿ ಏನು ಪ್ರಯೋಜನ ಎಂಬುದನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

ಮೊದಲು ನಮ್ಮ ನೆಲವನ್ನು ನೋಡೋಣ. ನಾಲ್ಕು ತಾಲ್ಲೂಕುಗಳೂ ಮಳೆನೆರಳಿನ ಸೀಮೆಗೆ ಸೇರಿದವಾದರೂ ಒಂದೇ ಬಗೆಯವಲ್ಲ. ಚಿತ್ರದುರ್ಗದ ಕೋಟೆ ಮತ್ತು ಜೋಗಿಮಟ್ಟಿಯ ಸುತ್ತ ಬಂಡೆಗುಡ್ಡಗಳಿವೆ. ಚಳಿಗಾಲದಲ್ಲಿ ಇಂಥ ಬಂಡೆಗಳ ನೆತ್ತಿಯ ಮೇಲೆ ನೀಲಿ ಬಂಡೆ ಸಿಳ್ಳಾರ ಒಂಟಿಯಾಗಿ ಕುಳಿತಿರುವುದನ್ನು ಹುಡುಕಬೇಕು. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಳದಿ ಕೊರಳಿನ ಪಿಕಳಾರವನ್ನು ಹುಡುಕಬೇಕಾದುದೂ ಇಂಥಲ್ಲಿಯೇ. ಅದು ಚಳಿಗಾಲದ ಅತಿಥಿಯಲ್ಲ, ನೆಲದ ಒಡೆಯ. ಹಿರಿಯೂರಿನಲ್ಲಿ ವಾಣಿವಿಲಾಸ ಸಾಗರದ ವಿಶಾಲ ಜಲರಾಶಿ ಇದೆ, ಕಪ್ಪು ನೆಲದ ಹೊಲಗಳಿವೆ. ನೀರಿಗೆ ಸೂಜಿಬಾಲದ ಬಾತು, ಚಲುಕದ ಬಾತುಗಳು ಬರುತ್ತವೆ. ಜೋಳ, ಸೂರ್ಯಕಾಂತಿಯ ಹೊಲಗಳಿಗೆ ಕರಿತಲೆ ಕಾಳುಗುಬ್ಬಿ, ಗುಲಾಬಿ ಕಬ್ಬಕ್ಕಿಗಳ ಹಿಂಡು ಬರುತ್ತದೆ. ಹೊಸದುರ್ಗದಲ್ಲಿ ವೇದಾವತಿಯ ದಂಡೆಯೂ ಹುಲ್ಲುಗುಡ್ಡಗಳೂ ಇವೆ. ಹೊಳಲ್ಕೆರೆಯಲ್ಲಿ ಕೆರೆಗಳ ಜೊತೆಗೆ ಅಡಿಕೆ ತೋಟಗಳಿವೆ. ತೋಟದ ಒಣಗರಿಗಳ ನಡುವೆ ಎಲೆ ಕೆದಕುವ ನವರಂಗವನ್ನು ಕಾಣಬೇಕಾದರೆ ಸದ್ದಿಲ್ಲದೆ ಕೂರುವ ತಾಳ್ಮೆ ಬೇಕು.

ಇವೆಲ್ಲವುಗಳ ನಡುವೆ ನಾನಿಂದು ಮುಖ್ಯವಾಗಿ ಮಾತನಾಡಬೇಕೆಂದಿರುವುದು ಸೆಳೆವಗಳ ಬಗ್ಗೆ.

ಕೆಲವು ವರ್ಷಗಳ ಹಿಂದೆ ಒಂದು ಕಾವಲಿನಲ್ಲಿ ಗಣತಿಗೆಂದು ಹೋಗಿದ್ದೆ. ಯಾವ ಕಾವಲು ಎಂಬುದನ್ನು ಹೇಳುವುದಿಲ್ಲ. ಏಕೆಂಬುದನ್ನು ಮುಂದೆ ತಿಳಿಸುತ್ತೇನೆ. ಎರಡು ದಿನ ಬೆಳಿಗ್ಗೆ ಏಳರಿಂದ ಹತ್ತರವರೆಗೆ ನಡೆದೆ. ಬೇಟೆ ಹಕ್ಕಿಗಳ ಸಾಲಿನಲ್ಲಿ ಬರೆಯಲು ಒಂದೂ ಸಿಗಲಿಲ್ಲ. ಎರಡನೆಯ ದಿನ ಹಟ್ಟಿಯೊಂದರ ಬಳಿ ಕುರಿ ಕಾಯುತ್ತಿದ್ದ ಅಜ್ಜನೊಬ್ಬರನ್ನು "ಅಜ್ಜ, ಇಲ್ಲಿ ಹದ್ದು ಗಿಡುಗ ಏನೂ ಬರೋದಿಲ್ವೆ?" ಎಂದು ಕೇಳಿದೆ. ಅವರು ಕೋಲಿಗೆ ಗಲ್ಲವೂರಿ, "ಬತ್ತವೆ ಸ್ವಾಮಿ. ನೀವು ಹೊತ್ತು ಮೂಡಿದ ಮ್ಯಾಕೆ ಬಂದ್ರೆ ಹೆಂಗೆ ಕಾಣ್ತವೆ? ಹೊತ್ತು ಮುಳುಗೋವಾಗ ಬರ್ರಿ. ಹುಲ್ಲೊಳಗೇ ಮಲಗ್ತವೆ" ಎಂದರು.

ನಾನು ಮನಸ್ಸಿನಲ್ಲೇ ನಕ್ಕೆ. ಹದ್ದು ಮರದ ಮೇಲೆ ಮಲಗುವುದು ಬಿಟ್ಟು ಹುಲ್ಲಿನಲ್ಲಿ ಮಲಗುವುದುಂಟೆ? ಆದರೂ ಸಂಜೆ ಹೋದೆ. ಸೂರ್ಯ ಮುಳುಗಲು ಅರ್ಧ ಗಂಟೆ ಇರುವಾಗ ಮೊದಲನೆಯದು ಬಂತು. ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ, ಹುಲ್ಲಿನ ತುದಿಯನ್ನು ಸವರುವಂತೆ ತೇಲುತ್ತಾ ಬಂದು ಸುತ್ತು ಹಾಕಿತು. ಬಳಿಕ ಇನ್ನೊಂದು, ಮತ್ತೆರಡು. ಕತ್ತಲಾಗುವ ಹೊತ್ತಿಗೆ ಹನ್ನೊಂದು ಹಕ್ಕಿಗಳು ಒಂದೊಂದಾಗಿ ಹುಲ್ಲಿನೊಳಗೆ ಇಳಿದು ಮರೆಯಾದವು. ನಾನು ಎರಡು ದಿನ ನಡೆದು "ಇಲ್ಲ" ಎಂದು ಬರೆಯಲಿದ್ದ ಸ್ಥಳವದು. ಅಜ್ಜನಿಗೆ ಅದು ದಿನನಿತ್ಯದ ಸಂಗತಿ.

ಸೆಳೆವಗಳು ಹದ್ದಿನ ಬಳಗದ ಸಪೂರ ದೇಹದ, ಉದ್ದ ರೆಕ್ಕೆ, ಉದ್ದ ಬಾಲದ ಹಕ್ಕಿಗಳು. ನಮ್ಮಲ್ಲಿಗೆ ಬರುವವುಗಳಲ್ಲಿ ಮುಖ್ಯವಾದವು ಮೂರು: ಜೌಗು ಸೆಳೆವ, ಮಾಂಟೇಗು ಸೆಳೆವ ಮತ್ತು ಬಿಳಿ ಸೆಳೆವ. ಜೌಗು ಸೆಳೆವ ಕೆರೆಯಂಚಿನ ಜೊಂಡಿನ ಮೇಲೆ ಸುತ್ತುತ್ತದೆ. ಉಳಿದೆರಡು ಹುಲ್ಲುಗಾವಲಿನವು. ಕಜಾಕಿಸ್ತಾನ ಮತ್ತು ರಷ್ಯಾದ ವಿಶಾಲ ಹುಲ್ಲುಬಯಲುಗಳಲ್ಲಿ ಮರಿ ಮಾಡಿ, ಅಲ್ಲಿ ಹಿಮ ಬೀಳುವ ಮೊದಲೇ ಹೊರಟು, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ನಮ್ಮ ನಾಡಿಗೆ ಬರುತ್ತವೆ. ಮಾರ್ಚ್ ಏಪ್ರಿಲ್‌ನಲ್ಲಿ ಹಿಂದಿರುಗುತ್ತವೆ. ಗೂಬೆಯ ಮುಖದಂತೆ ತುಸು ಚಪ್ಪಟೆಯಾದ ಇವುಗಳ ಮುಖ ಸದ್ದನ್ನು ಕಿವಿಗೆ ಹಾಯಿಸುತ್ತದೆ. ಆದ್ದರಿಂದಲೇ ಇವು ಅಷ್ಟು ತಗ್ಗಿನಲ್ಲಿ ಹಾರುವುದು: ಹುಲ್ಲಿನೊಳಗೆ ಇಲಿ ಸರಿದಾಡಿದ, ಮಿಡತೆ ನೆಗೆದ ಸದ್ದೂ ಅವಕ್ಕೆ ಕೇಳಬೇಕು. ಇಲಿ, ಮಿಡತೆ, ಓತಿಕೇತ, ಸಣ್ಣ ಹಕ್ಕಿಗಳು ಅವುಗಳ ಆಹಾರ. ರೈತನ ಬೆಳೆಗೆ ಕೂಲಿ ಕೇಳದೆ ಕಾವಲು ಕಾಯುವ ಹಕ್ಕಿ ಎಂದರೆ ತಪ್ಪಾಗದು.

ಗುರುತಿಸುವುದು ಸುಲಭವಲ್ಲ. ಬೂದು ಬಣ್ಣದ ಗಂಡು ಮಾಂಟೇಗು ಸೆಳೆವದ ರೆಕ್ಕೆಯ ಮೇಲೆ ಕಪ್ಪು ಪಟ್ಟೆಯೊಂದು ಅಡ್ಡಲಾಗಿ ಕಾಣುತ್ತದೆ. ಗಂಡು ಬಿಳಿ ಸೆಳೆವ ಇನ್ನೂ ಬೆಳ್ಳಗಿದ್ದು, ರೆಕ್ಕೆಯ ತುದಿಯಲ್ಲಿ ಮಾತ್ರ ಕಿರಿದಾದ ಕಪ್ಪು ತ್ರಿಕೋನವಿರುತ್ತದೆ. ಹೆಣ್ಣು ಮತ್ತು ಮರಿಗಳೆಲ್ಲ ಕಂದು, ನುರಿತವರೂ ಎಡವುತ್ತಾರೆ. ಅನುಮಾನವಿದ್ದರೆ "ಸೆಳೆವ, ಜಾತಿ ತಿಳಿಯದು" ಎಂದು ಬರೆಯಿರಿ. ಅದು ಅವಮಾನವಲ್ಲ. ಅಪರೂಪದ ಹಕ್ಕಿಯ ಹೆಸರನ್ನು ಪಟ್ಟಿಗೆ ಸೇರಿಸುವ ಆಸೆಗೆ ಬಿದ್ದು ಕಾಣದ್ದನ್ನು ಕಂಡೆನೆಂದು ಬರೆದರೆ, ಆ ಒಂದು ಸುಳ್ಳು ನಮ್ಮ ಇಡೀ ಗಣತಿಯ ಮೇಲಿನ ನಂಬಿಕೆಯನ್ನು ಕೆಡಿಸುತ್ತದೆ.

ಇಲ್ಲಿ "ಅಪರೂಪ" ಎಂಬ ಮಾತಿನ ಅರ್ಥವನ್ನು ಬಿಡಿಸಿ ನೋಡಬೇಕು. ಒಂದು ಬಗೆಯ ಅಪರೂಪವೆಂದರೆ ದಾರಿ ತಪ್ಪಿ ಬಂದ ಹಕ್ಕಿ. ಅದನ್ನು ಕಂಡಾಗ ಸಂಭ್ರಮ ಸಹಜ. ಆದರೆ ಅದು ನಮ್ಮ ನೆಲದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಇನ್ನೊಂದು ಬಗೆಯ ಅಪರೂಪವೆಂದರೆ, ನಿನ್ನೆಯವರೆಗೆ ಸಾಮಾನ್ಯವಾಗಿದ್ದು ಇಂದು ವಿರಳವಾಗುತ್ತಿರುವ ಹಕ್ಕಿ. ನಮ್ಮ ಕಾಳಜಿ ಈ ಎರಡನೆಯದರ ಬಗ್ಗೆ. ಬಿಳಿ ಸೆಳೆವವನ್ನು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದ ಹೊಸ್ತಿಲಿನಲ್ಲಿರುವ ಹಕ್ಕಿಯೆಂದು ದಾಖಲಿಸಲಾಗಿದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಎಂ.ಬಿ. ಪ್ರಶಾಂತ್ ದೇಶದ ಬೇರೆ ಬೇರೆ ಕಡೆ ಸೆಳೆವಗಳು ರಾತ್ರಿ ತಂಗುವ ತಾಣಗಳ ಎಣಿಕೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ಮೂವತ್ತು ವರ್ಷಗಳ ಆ ಎಣಿಕೆಗಳು ತೋರಿಸಿದ್ದು ಇಳಿಮುಖವನ್ನೇ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯೂ ಇದೇ ದಿಕ್ಕಿನಲ್ಲಿದೆ: ದೀರ್ಘಾವಧಿಯ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಜಾತಿಗಳಲ್ಲಿ ಶೇಕಡ 60ರಷ್ಟು ಕಡಿಮೆಯಾಗಿವೆ. ಬಯಲು ಹುಲ್ಲುಗಾವಲನ್ನು ನಂಬಿದ ಹಕ್ಕಿಗಳು, ಬೇಟೆ ಹಕ್ಕಿಗಳು ಹೆಚ್ಚು ನಷ್ಟಕ್ಕೊಳಗಾದವುಗಳಲ್ಲಿ ಸೇರಿವೆ. ಈ ವರದಿಗೆ ಆಧಾರ ಒದಗಿಸಿದವರು ನಿಮ್ಮಂಥ 30,000ಕ್ಕೂ ಹೆಚ್ಚು ಹವ್ಯಾಸಿಗಳು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇನ್ನು ಎಣಿಸುವ ಕ್ರಮ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ. ಅದು 1987ರಲ್ಲಿ ಆರಂಭವಾದುದು. ಫೆಬ್ರವರಿಯಲ್ಲಿ ನಾಲ್ಕು ದಿನಗಳ ಹಿತ್ತಲ ಹಕ್ಕಿ ಗಣತಿ ನಡೆಯುತ್ತದೆ. ಭಾರತ ಅದರಲ್ಲಿ 2013ರಿಂದ ಪಾಲ್ಗೊಳ್ಳುತ್ತಿದೆ. ಕನಿಷ್ಠ 15 ನಿಮಿಷ ಒಂದೆಡೆ ನಿಂತು ಅಥವಾ ನಡೆದು, ಕಂಡ ಮತ್ತು ಕೇಳಿದ ಎಲ್ಲ ಹಕ್ಕಿಗಳನ್ನೂ ಬರೆಯಬೇಕು. ಕಾಗೆಯನ್ನು ಬಿಟ್ಟು ಸೆಳೆವವನ್ನು ಮಾತ್ರ ಬರೆದರೆ ಪಟ್ಟಿ ಅಪೂರ್ಣ. ಏನೂ ಕಾಣದಿದ್ದರೆ "ಕಾಣಲಿಲ್ಲ" ಎಂಬುದೂ ದಾಖಲೆಯೇ. ಆದರೆ ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ನೋಡಿದಾಗ ಕಾಣಲಿಲ್ಲ ಎಂಬುದನ್ನು ಜೊತೆಗೆ ಬರೆಯಬೇಕು. ನನ್ನ ಬೆಳಗಿನ "ಇಲ್ಲ" ಎಂಬುದರ ಕಥೆಯನ್ನು ಕೇಳಿದಿರಲ್ಲ.

ನೀರಿನ ಮಟ್ಟವನ್ನೂ ಬರೆಯಿರಿ. ವಾಣಿವಿಲಾಸ ಸಾಗರದ ಕಟ್ಟೆಯ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. 130 ಅಡಿಯ ಆ ಜಲಾಶಯ 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಬಳಿಕ. 2025ರ ಜನವರಿಯಲ್ಲಿ ಇನ್ನೊಮ್ಮೆ ತುಂಬಿತು. ರೈತರಿಗೆ ಹಬ್ಬ. ಆದರೆ ಕೆಸರಿನಲ್ಲಿ ಕೊಕ್ಕಿಟ್ಟು ಹುಳು ಹುಡುಕುವ ಗೊರವ, ಉಲ್ಲಂಕಿಗಳಿಗೆ ಬೇಕಾದುದು ದಂಡೆಯ ತೆಳುನೀರು. ನೀರೇರಿದಾಗ ಆ ಕೆಸರಂಚು ಮುಳುಗುತ್ತದೆ, ಅವು ಬೇರೆಡೆ ಹೋಗುತ್ತವೆ. ನೀರಿನ ಮಟ್ಟ ಬರೆಯದೆ ಸಂಖ್ಯೆಯನ್ನಷ್ಟೇ ಬರೆದರೆ, ಮುಂದೆ ಓದುವವರು ಹಕ್ಕಿ ನಾಶವಾಯಿತೆಂದು ತಪ್ಪಾಗಿ ತಿಳಿಯಬಹುದು. ಹತ್ತಾರು ವರ್ಷ ಬಿಡದೆ ಎಣಿಸಿದರೆ ಮಾತ್ರ ಯಾವುದು ನೀರಿನ ಏರಿಳಿತ, ಯಾವುದು ನಿಜವಾದ ಇಳಿಮುಖ ಎಂದು ಬೇರ್ಪಡಿಸಬಹುದು.

ಹಾಗಾದರೆ ಈ ಎಣಿಕೆಯಿಂದ ನಮಗೇನು? ದೇಶದ ಪಾಳುಭೂಮಿ ನಕಾಶೆಯಲ್ಲಿ ಕುರುಚಲು ನೆಲ, ಬಂಡೆ ನೆಲ, ಸವೆದ ಗೋಮಾಳ ಎಲ್ಲವೂ "ಪಾಳು" ಎಂಬ ಹೆಸರಿನಡಿ ಸೇರಿವೆ. ಪಾಳು ಎಂದ ಮೇಲೆ ಅದನ್ನು ಉದ್ಧಾರ ಮಾಡಲು ಯಾರಾದರೂ ಬಂದೇ ಬರುತ್ತಾರೆ. ಒಬ್ಬರು ಗುಂಡಿ ತೋಡಿ ನೀಲಗಿರಿ, ಅಕೇಶಿಯ ನೆಡುತ್ತಾರೆ. ಮರ ಬೆಳೆದಂತೆ ಹುಲ್ಲು ಸಾಯುತ್ತದೆ, ಹುಲ್ಲಿನಲ್ಲಿ ಮಲಗುವ ಹಕ್ಕಿಗೆ ಜಾಗವಿಲ್ಲವಾಗುತ್ತದೆ, ಕುರಿಗೂ ಮೇವಿಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಎಂದು ಹೆಸರಾದ ದನಗಳಿಗಾಗಿ ಕಾದಿರಿಸಿದ ಕಾವಲುಗಳ ಗತಿ ನಮಗೆ ತಿಳಿದಿದೆ. ನಮ್ಮ ಜಿಲ್ಲೆಯದೇ ಆದ ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ದನ ಕುರಿ ಸಾಕುವವರು, ದೇವರೆತ್ತು ಕಾಯುವವರು ಬೀದಿಗಿಳಿದರು. ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು.

ಗಾಳಿಯಂತ್ರಗಳ ಮಾತನ್ನೂ ಆಡಬೇಕು. ನಮ್ಮ ಗುಡ್ಡಗಳ ನೆತ್ತಿಯ ಮೇಲೆ ಅವು ಸಾಲಾಗಿ ನಿಂತಿವೆ. ಹೊಗೆಯಿಲ್ಲದ ವಿದ್ಯುತ್ ಬೇಡವೆಂದು ನಾನು ಹೇಳುವುದಿಲ್ಲ. ಈ ಸಭೆಯ ದೀಪವೂ ಅದರಿಂದಲೇ ಉರಿಯುತ್ತಿರಬಹುದು. ಆದರೆ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಪ್ರಸ್ಥಭೂಮಿಯಲ್ಲಿ ಅಧ್ಯಯನ ಮಾಡಿ 2018ರಲ್ಲಿ ತಿಳಿಸಿದ್ದನ್ನು ಕೇಳಿ. ಯಂತ್ರಗಳಿರುವಲ್ಲಿ ಬೇಟೆ ಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ತಿನ್ನುವ ಹಕ್ಕಿ ಇಲ್ಲವಾದ್ದರಿಂದ ಓತಿಗಳ ಸಂಖ್ಯೆ ಹೆಚ್ಚಿತ್ತು. ಒಂದು ಹಕ್ಕಿ ಹೋದರೆ ಅದರ ಕೆಳಗಿನ ಸರಪಳಿಯೂ ಬದಲಾಗುತ್ತದೆ. ನಾವು ಕೇಳಬೇಕಾದುದು ಇಷ್ಟೇ: ಯಂತ್ರ ನಿಲ್ಲಿಸುವ ಮೊದಲು, ಗುಂಡಿ ತೋಡುವ ಮೊದಲು, ಆ ನೆಲದಲ್ಲಿ ಯಾರು ಮಲಗುತ್ತಾರೆಂದು ಒಂದು ಚಳಿಗಾಲವಾದರೂ ನೋಡಿ.

ಅವರು ನೋಡದಿದ್ದರೆ ನಾವು ನೋಡಿರಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕವನ್ನು ಕೇಳಿ. ನಿಮ್ಮ ಗಣತಿಯ ಪಟ್ಟಿಗಳು ವರ್ಷ ವರ್ಷವೂ ಅದರಲ್ಲಿ ಸೇರಲಿ. ನಾಳೆ ಯಾರಾದರೂ "ಇದು ಪಾಳು" ಎಂದಾಗ ತೋರಿಸಲು ಕೈಯಲ್ಲಿ ಕಾಗದವಿರಬೇಕು.

ಒಂದು ಎಚ್ಚರಿಕೆ. ಸೆಳೆವಗಳು ನೆಲದ ಮೇಲೆ ಮಲಗುವುದರಿಂದ ನಾಯಿ, ನರಿ, ಬೆಂಕಿ, ಮನುಷ್ಯ ಎಲ್ಲರಿಂದಲೂ ಅವಕ್ಕೆ ಅಪಾಯ. ತಂಗುವ ಜಾಗ ತಿಳಿದೊಡನೆ ಮೊಬೈಲಿನಲ್ಲಿ ಊರಿಗೆಲ್ಲ ಹಂಚಬೇಡಿ. ಚಿತ್ರ ತೆಗೆಯುವ ಆಸೆಯಿಂದ ಹುಲ್ಲಿನೊಳಗೆ ನಡೆಯಬೇಡಿ. ದೂರದಲ್ಲಿ ಕುಳಿತು, ಇಳಿಯುವಾಗ ಎಣಿಸಿ, ಕತ್ತಲಾದ ಮೇಲೆ ಸದ್ದಿಲ್ಲದೆ ಎದ್ದು ಬನ್ನಿ. ನಾನು ಕಾವಲಿನ ಹೆಸರು ಹೇಳದಿದ್ದುದು ಇದಕ್ಕೇ. ಹೆಸರು ಹೇಳದೆ ಕಾಪಾಡುವುದು ಹೇಗೆ ಎಂದು ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆ. ಸಮಿತಿಗೆ ತಿಳಿಯಲಿ, ಆ ಹಟ್ಟಿಯ ಜನರಿಗೆ ತಿಳಿದೇ ಇದೆ, ಸಂತೆಗೆ ತಿಳಿಯುವುದು ಬೇಡ ಎಂಬುದು ಸದ್ಯಕ್ಕೆ ನನ್ನ ಉತ್ತರ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ವಿನಂತಿ. ಗಣತಿಗೆ ಹೋಗುವಾಗ ದುರ್ಬೀನು, ಪುಸ್ತಕ, ಪೆನ್ಸಿಲ್ ಹಿಡಿದುಕೊಳ್ಳಿ. ಜೊತೆಗೆ ಊರಿನ ಒಬ್ಬ ಕುರಿಗಾಹಿಯನ್ನೋ ದನಗಾಹಿಯನ್ನೋ ಮಾತನಾಡಿಸಿ. ಹಕ್ಕಿಗೆ ಅವರು ಇಟ್ಟ ಹೆಸರನ್ನು ಪಟ್ಟಿಯ ಪಕ್ಕದಲ್ಲಿ ಬರೆದುಕೊಳ್ಳಿ. ಅವರು ಹೇಳಿದ್ದು ಪುಸ್ತಕದಲ್ಲಿಲ್ಲವೆಂದು ನಗಬೇಡಿ. ಆ ಸಂಜೆ ಹನ್ನೊಂದನೆಯ ಹಕ್ಕಿ ಹುಲ್ಲಿಗಿಳಿದ ಮೇಲೆ ನಾನು ಹಟ್ಟಿಯ ಕಡೆ ಹೋಗಿ, "ಅಜ್ಜ, ನೀವು ಹೇಳಿದ್ದು ನಿಜ" ಎಂದೆ. ಅವರು ಕುರಿ ಎಣಿಸುತ್ತಿದ್ದರು. ತಲೆಯೆತ್ತದೆ, "ಮೊದ್ಲು ಇನ್ನೂ ಬಾಳ ಬರ್ತಿದ್ವು" ಎಂದರು.

ಎಷ್ಟು ಬರುತ್ತಿದ್ದವೆಂದು ಯಾರೂ ಬರೆದಿಟ್ಟಿರಲಿಲ್ಲ. ಇನ್ನು ಮುಂದಾದರೂ ಬರೆದಿಡೋಣ.