ಲೆಕ್ಕವೂ ಗಣಕವೂ ಒಂದೇ ತಲೆಯಲ್ಲಿ ಕೂಡಬೇಕು



2009ರ ಜನವರಿ 7ರಂದು ಹೈದರಾಬಾದಿನಿಂದ ಹೊರಟ ಒಂದು ಪತ್ರ ದೇಶದ ವಾಣಿಜ್ಯ ಜಗತ್ತನ್ನು ನಡುಗಿಸಿತು. ಸತ್ಯಂ ಕಂಪ್ಯೂಟರ್ ಸರ್ವೀಸಸ್ ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಬರೆದ ತಪ್ಪೊಪ್ಪಿಗೆಯ ಪತ್ರವದು. 2008ರ ಸೆಪ್ಟೆಂಬರ್ 30ರ ಅಢಾವೆ ಪತ್ರಿಕೆಯಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ ಎಂದು ಕಾಣಿಸಲಾಗಿತ್ತು. ಅದರಲ್ಲಿ 5,040 ಕೋಟಿ ಎಲ್ಲಿಯೂ ಇರಲಿಲ್ಲ. ಆ ತ್ರೈಮಾಸಿಕದ ವರಮಾನ 2,700 ಕೋಟಿ ಎಂದು ಪ್ರಕಟವಾಗಿತ್ತು. ನಿಜವಾದ ವರಮಾನ 2,112 ಕೋಟಿ. ಇಲ್ಲದ ಬಡ್ಡಿ, ಹೆಚ್ಚಿಸಿ ತೋರಿಸಿದ ಬಾಕಿ, ಮರೆಮಾಚಿದ ಸಾಲ ಎಲ್ಲವೂ ಕೂಡಿ ಸುಳ್ಳಿನ ಮೊತ್ತ 7,136 ಕೋಟಿ ರೂಪಾಯಿ.

ಈ ಮೊತ್ತ ಎಲ್ಲರಿಗೂ ನೆನಪಿದೆ. ಅದು ಹುಟ್ಟಿದ ಬಗೆ ಮಾತ್ರ ಅನೇಕರಿಗೆ ತಿಳಿಯದು. ಕೇಂದ್ರೀಯ ತನಿಖಾ ದಳ ಮುಂದಿಟ್ಟ ಆರೋಪದಂತೆ, ಕಂಪನಿಯ ಬಿಲ್ಲುಗಳನ್ನು ನಿರ್ವಹಿಸುವ ತಂತ್ರಾಂಶದೊಳಗೆ ವಿಶೇಷಾಧಿಕಾರದ ಪ್ರವೇಶದಿಂದ 7,561 ಸುಳ್ಳು ಬಿಲ್ಲುಗಳು ಸೇರಿದ್ದವು. ಅವು ಮಾರಾಟದ ಮೊತ್ತದಲ್ಲಿ ಎಣಿಕೆಯಾಗುತ್ತಿದ್ದವು, ಆದರೆ ಉಳಿದ ವಿಭಾಗಗಳ ನೌಕರರ ಪರದೆಯಲ್ಲಿ ಮೂಡುತ್ತಿರಲಿಲ್ಲ. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿದಂತೆ ಹತ್ತು ಮಂದಿಯನ್ನು ತಪ್ಪಿತಸ್ಥರೆಂದು ಸಾರಿ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಮರುತಿಂಗಳು ಮೇಲ್ಮನವಿಯ ಹಂತದಲ್ಲಿ ಆ ಶಿಕ್ಷೆ ಅಮಾನತುಗೊಂಡು ಅವರಿಗೆ ಜಾಮೀನು ದೊರೆಯಿತು.

ಇಂಥ ವಂಚನೆಯನ್ನು ಹಿಡಿಯಬಲ್ಲವರು ಯಾರು? ಒಂದು ಸಣ್ಣ ಉದಾಹರಣೆಯನ್ನು ನೋಡಬಹುದು. ಒಂದು ಅಂಗಡಿಯ ಗಣಕದಲ್ಲಿ 200 ಬಿಲ್ಲುಗಳಿವೆ ಎನ್ನಿ. ಪರಿಶೋಧಕನ ಕೈಗೆ ಬಂದ ಪಟ್ಟಿಯಲ್ಲಿರುವುದು 188 ಮಾತ್ರ. ಮಾರಾಟದ ಖಾತೆಯ ಮೊತ್ತದಲ್ಲಿ ಮಾತ್ರ 200 ಬಿಲ್ಲುಗಳೂ ಸೇರಿವೆ. ಕಾಗದವನ್ನಷ್ಟೇ ಬಲ್ಲ ಪರಿಶೋಧಕ ಪಟ್ಟಿಯಿಂದ ಇಪ್ಪತ್ತನ್ನು ಆರಿಸಿ ಪರೀಕ್ಷಿಸುತ್ತಾನೆ. ಇಪ್ಪತ್ತೂ ಸರಿಯಾಗಿರುತ್ತವೆ. ಅಡಗಿದ ಹನ್ನೆರಡು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೊಂದು ಕಡೆ, ಗಣಕವನ್ನಷ್ಟೇ ಬಲ್ಲ ತಂತ್ರಜ್ಞನ ಕಣ್ಣೆದುರಿಗೇ ಆ ಹನ್ನೆರಡೂ ಇವೆ. ಅವುಗಳಿಗೆ ಕ್ರಮಸಂಖ್ಯೆಯಿದೆ, ದಿನಾಂಕವಿದೆ, ಮೊತ್ತವಿದೆ. ಅವನ ಪಾಲಿಗೆ ದತ್ತಾಂಶ ಶುದ್ಧವಾಗಿದೆ. ಆ ಗಿರಾಕಿ ಇದ್ದಾನೆಯೇ, ಸರಕು ಹೊರಟಿತೇ, ಹಣ ಬ್ಯಾಂಕಿಗೆ ಬಂದಿತೇ ಎಂದು ಕೇಳುವುದು ಅವನ ವಿದ್ಯೆಯಲ್ಲಿಲ್ಲ.

ಎರಡನ್ನೂ ಕಲಿತವರು ಮೂರು ಪ್ರಶ್ನೆ ಕೇಳುತ್ತಾರೆ: ಗಣಕದ ಮೂಲ ಕೋಷ್ಟಕದಲ್ಲಿ ಎಷ್ಟು ಬಿಲ್ಲುಗಳಿವೆ, ಪಟ್ಟಿಯಲ್ಲಿ ಎಷ್ಟಿವೆ? ಪಟ್ಟಿಯ ಮೊತ್ತ ಖಾತೆಯ ಮೊತ್ತಕ್ಕೆ ತಾಳೆಯಾಗುತ್ತದೆಯೇ? ವ್ಯತ್ಯಾಸದ ಬಿಲ್ಲುಗಳನ್ನು ಯಾರು, ಯಾವಾಗ, ಯಾವ ಅಧಿಕಾರದಿಂದ ನಮೂದಿಸಿದರು? ಲೆಕ್ಕಶಾಸ್ತ್ರವನ್ನೂ ಮಾಹಿತಿ ವ್ಯವಸ್ಥೆಗಳನ್ನೂ ಜೊತೆಗೂಡಿಸಿ ಓದುವುದರ ಸಾರ ಈ ಮೂರು ಪ್ರಶ್ನೆಗಳಲ್ಲಿದೆ.

ಹಾಗೆಂದು ಹಳೆಯ ವಿದ್ಯೆಯ ಬೆಲೆ ಕುಂದಿತೆಂದು ಭಾವಿಸಬಾರದು. ಬ್ಯಾಂಕಿನಲ್ಲಿ ಠೇವಣಿ ಇದೆಯೇ ಎಂಬುದನ್ನು ಕಂಪನಿಯ ಕೈಯಿಂದ ಬಂದ ಕಾಗದದಿಂದ ನಂಬದೆ ಬ್ಯಾಂಕಿನಿಂದಲೇ ನೇರವಾಗಿ ಕೇಳಿ ತಿಳಿಯಬೇಕೆಂಬುದು ಗಣಕಯಂತ್ರಕ್ಕಿಂತ ಹಿಂದಿನ ನಿಯಮ. ಇಲ್ಲದ 5,040 ಕೋಟಿಯನ್ನು ಬಯಲಿಗೆಳೆಯಲು ಆ ನಿಯಮವೊಂದೇ ಸಾಕಿತ್ತು. ಯಂತ್ರವನ್ನು ಕಲಿತು ಇದನ್ನು ಮರೆತವನೂ ಅರ್ಧ ಪರಿಶೋಧಕನೇ.

ಕನ್ನಡ ಜೈನರಿಗೆ ಗಣಿತ ಹೊರಗಿನಿಂದ ಬಂದ ವಿದ್ಯೆಯಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕಗಳಿಗೆ ವಿಸ್ತಾರವಾದ ಸ್ಥಾನವಿದೆ. ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದನು. ನೃಪತುಂಗನ ರಾಜಧಾನಿ ಮಳಖೇಡ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇತ್ತು. ತಮ್ಮ ಕಾಲದ ವ್ಯವಹಾರಕ್ಕೆ ಬೇಕಾದ ಗಣಿತವನ್ನು ಆ ಆಚಾರ್ಯರು ಬರೆದುಕೊಟ್ಟರು. ಈ ಕಾಲದ ವ್ಯವಹಾರ ದತ್ತಾಂಶದ ಕೋಷ್ಟಕಗಳಲ್ಲಿ ನಡೆಯುತ್ತಿದೆ.

ಹೈದರಾಬಾದಿನಲ್ಲಿ ಇದನ್ನು ಕಲಿಯುವ ದಾರಿಗಳಿವೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಬಿ.ಕಾಂ. ಕಂಪ್ಯೂಟರ್ ಅಪ್ಲಿಕೇಷನ್ಸ್ ಪದವಿಯಿದೆ. ಅದರಲ್ಲಿ ಲೆಕ್ಕಶಾಸ್ತ್ರದ ಜೊತೆಗೆ ಪ್ರೋಗ್ರಾಮಿಂಗ್ ಹಾಗೂ ದತ್ತಸಂಚಯ ನಿರ್ವಹಣೆಯ ಪಾಠಗಳಿವೆ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ತನ್ನ ವಿದ್ಯಾರ್ಥಿಗಳಿಗೆ ಮಾಹಿತಿ ತಂತ್ರಜ್ಞಾನದ ತರಬೇತಿಯನ್ನು ಕಡ್ಡಾಯಗೊಳಿಸಿದೆ. ಸದಸ್ಯರಾದ ಮೇಲೆ ಮಾಹಿತಿ ವ್ಯವಸ್ಥೆಗಳ ಪರಿಶೋಧನೆಯಲ್ಲಿ ವಿಶೇಷ ಅರ್ಹತೆಯನ್ನೂ ನೀಡುತ್ತದೆ. ಅನುಭವದೊಡನೆ ಪಡೆಯಬಹುದಾದ ಸಿಸಾ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ಇದೆ. ರಿಸರ್ವ್ ಬ್ಯಾಂಕು 1996ರಲ್ಲಿ ಸ್ಥಾಪಿಸಿದ ಬ್ಯಾಂಕಿಂಗ್ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಇದೇ ನಗರದಲ್ಲಿದೆ.

ಪದವಿಯ ಹೆಸರಿನಲ್ಲಿ ಎರಡು ವಿದ್ಯೆಗಳು ಕೂಡಿದ ಮಾತ್ರಕ್ಕೆ ವಿದ್ಯಾರ್ಥಿಯ ತಲೆಯಲ್ಲಿ ಅವು ಕೂಡುವುದಿಲ್ಲ. ಬೆಳಿಗ್ಗೆ ಒಬ್ಬ ಅಧ್ಯಾಪಕರು ಕೀರ್ದಿ ಬರೆಯುವುದನ್ನು ಕಲಿಸಿ, ಮಧ್ಯಾಹ್ನ ಇನ್ನೊಬ್ಬರು ಪ್ರೋಗ್ರಾಂ ಬರೆಯುವುದನ್ನು ಕಲಿಸಿ, ಬೆಳಗಿನ ಕೀರ್ದಿ ಮಧ್ಯಾಹ್ನದ ಕೋಷ್ಟಕದಲ್ಲಿ ಎಲ್ಲಿ ಕೂರುತ್ತದೆ ಎಂಬುದನ್ನು ಯಾರೂ ತೋರಿಸದಿದ್ದರೆ ಆ ಪದವಿ ಎರಡು ಅರ್ಧಗಳ ಕಟ್ಟು ಮಾತ್ರ. ಶುಲ್ಕ ಕಟ್ಟುವ ಮುನ್ನ ಪೋಷಕರು ಕಾಲೇಜಿನಲ್ಲಿ ಒಂದನ್ನು ಕೇಳಬೇಕು: ಒಂದು ಕೆಟ್ಟ ಲೆಕ್ಕವನ್ನು ಗಣಕದಲ್ಲಿ ಇಟ್ಟು, ಅದರ ತಪ್ಪನ್ನು ವಿದ್ಯಾರ್ಥಿಯಿಂದಲೇ ಹುಡುಕಿಸುವ ಅಭ್ಯಾಸ ಇಲ್ಲಿದೆಯೇ?

ಕಾನೂನು ಈಗಾಗಲೇ ಮುಂದೆ ಸಾಗಿದೆ. 2023ರ ಏಪ್ರಿಲ್ 1ರಿಂದ, ತಂತ್ರಾಂಶದಲ್ಲಿ ಲೆಕ್ಕ ಇಡುವ ಪ್ರತಿಯೊಂದು ಕಂಪನಿಯ ತಂತ್ರಾಂಶವೂ ಪ್ರತಿ ವ್ಯವಹಾರದ, ಪ್ರತಿ ತಿದ್ದುಪಡಿಯ ಜಾಡನ್ನು ದಿನಾಂಕಸಹಿತ ದಾಖಲಿಸಬೇಕು; ಆ ದಾಖಲೆಯನ್ನು ಸ್ಥಗಿತಗೊಳಿಸುವ ಅವಕಾಶವಿರಬಾರದು. ಹಾಗೆ ನಡೆದಿದೆಯೇ ಎಂದು ಪರಿಶೋಧಕರು ವರದಿಯಲ್ಲಿ ಹೇಳಬೇಕು. ಆ ಜಾಡನ್ನು ಓದಲು ಬಾರದವರು ಸಹಿ ಹಾಕಿದರೆ ನಿಯಮವಿದ್ದೂ ಇಲ್ಲದಂತೆ. ನಿಯಮ ಮಾಡುವ ಸರ್ಕಾರವೇ ಅದನ್ನು ಪಾಲಿಸಬಲ್ಲ ಯುವಜನರನ್ನು ರೂಪಿಸುವ ಪಠ್ಯಕ್ಕೂ ಅಧ್ಯಾಪಕರಿಗೂ ಹಣ ಒದಗಿಸಬೇಕೆಂದು ಕೇಳುವುದು ನಾಗರಿಕರ ಹಕ್ಕು.

ಸಮಾಜವೂ ತನ್ನನ್ನು ಕೇಳಿಕೊಳ್ಳಬೇಕಾದ ಮಾತುಗಳಿವೆ. ಮಗನನ್ನು ಗದ್ದಿಗೆ, ಮಗಳನ್ನು ಮದುವೆಗೆ ಎಂದು ಹದಿನೆಂಟಕ್ಕೇ ತೀರ್ಮಾನಿಸುವ ಮನೆಗಳು ಇನ್ನೂ ಇವೆ. ಅಂಗಡಿಯ ಲೆಕ್ಕವನ್ನು ಬೆರಳ ತುದಿಯಲ್ಲಿಟ್ಟುಕೊಂಡ ಹೆಣ್ಣುಮಕ್ಕಳೂ ಅದೇ ಮನೆಗಳಲ್ಲಿದ್ದಾರೆ. ಅವರನ್ನು ಪರವೂರಿನ ಕಾಲೇಜಿಗೆ ಕಳಿಸಲು ಅಡ್ಡಬರುವುದು ಖರ್ಚಿಗಿಂತ ಹೆಚ್ಚಾಗಿ ಸಂಕೋಚ. ಸಮಾಜದ ವಿದ್ಯಾರ್ಥಿನಿಲಯಗಳಲ್ಲಿ ಹೆಣ್ಣುಮಕ್ಕಳಿಗೂ ಸಮನಾದ ಕೋಣೆಗಳಿದ್ದರೆ ಆ ಸಂಕೋಚ ಅರ್ಧ ಕರಗುತ್ತದೆ.

ಇನ್ನೊಂದು ಮಾತು ಬಸದಿ, ಟ್ರಸ್ಟುಗಳ ಲೆಕ್ಕದ್ದು. ಕಾಣಿಕೆ ಸ್ವೀಕರಿಸುವವರು, ಅದನ್ನು ನಮೂದಿಸುವವರು, ಬ್ಯಾಂಕಿನೊಡನೆ ತಾಳೆ ನೋಡುವವರು ಒಬ್ಬರೇ ಆಗಿರುವಲ್ಲಿ ಎಷ್ಟೇ ಸಜ್ಜನರಿದ್ದರೂ ವ್ಯವಸ್ಥೆ ದುರ್ಬಲವೇ. ಮೂರು ಕೆಲಸಗಳನ್ನು ಮೂವರಿಗೆ ಹಂಚುವುದರಲ್ಲಿ ಯಾರ ಮೇಲೂ ಸಂಶಯವಿಲ್ಲ. ಪ್ರಾಮಾಣಿಕರಿಗೇ ಅದು ರಕ್ಷೆ. ಈ ವಿದ್ಯೆ ಕಲಿತ ಯುವಕ ಯುವತಿಯರಿಗೆ ಮೊದಲ ಅಭ್ಯಾಸವಾಗಿ ತಮ್ಮೂರಿನ ಬಸದಿಯ ಲೆಕ್ಕವನ್ನೇ ಕೊಡಬಹುದು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿದೆ. ಸುಳ್ಳು ಬರಹವನ್ನು ಸೃಷ್ಟಿಸುವುದೇ ಅದು. ತಾಳೆಗರಿಯಲ್ಲಾಗಲಿ, ಕಾಗದದಲ್ಲಾಗಲಿ, ಗಣಕದ ಕಾಣದ ಕೋಷ್ಟಕದಲ್ಲಾಗಲಿ ಕೂಟಲೇಖ ಕೂಟಲೇಖವೇ. ಶ್ರಾವಕನು ಅದನ್ನು ಬರೆಯದಿರುವುದು ವ್ರತ. ಇನ್ನೊಬ್ಬರು ಬರೆದಾಗ ಗುರುತಿಸಬಲ್ಲ ಮಕ್ಕಳನ್ನು ಬೆಳೆಸುವುದು ಈ ಕಾಲದ ಕರ್ತವ್ಯ. ಮುಂದಿನ ಪ್ರವೇಶದ ಋತುವಿಗೆ ಪ್ರತಿ ಮನೆಯೂ ಆ ದಿಕ್ಕಿನಲ್ಲಿ ಯೋಚಿಸಲಿ.