ದೂರದ ಯಂತ್ರಕ್ಕೊಂದು ಚೀಟಿ

ರಬಕವಿ-ಬನಹಟ್ಟಿಯ ಮಜೂರಿ ನೇಕಾರಿಕೆ ಈ ಸಭೆಯಲ್ಲಿರುವ ಯಾರಿಗೂ ಹೊಸದಲ್ಲ. ಮಾಲೀಕ ನೂಲು ಕೊಡುತ್ತಾನೆ. ಬಣ್ಣ ಯಾವುದು, ಅಂಚು ಎಂಥದು, ಎಷ್ಟು ಸೀರೆ ಎಂದು ಹೇಳಿ ಕಳಿಸುತ್ತಾನೆ. ನೇಕಾರ ತನ್ನ ಮನೆಯ ಮಗ್ಗದಲ್ಲಿ ನೇಯ್ದು, ಸೀರೆ ಒಪ್ಪಿಸಿ ಮಜೂರಿ ಪಡೆಯುತ್ತಾನೆ. ಎಳೆ ಎಷ್ಟು ಸಲ ಹರಿಯಿತು, ಗಂಟು ಹಾಕಿದವರು ಯಾರು ಎಂಬುದು ಮಾಲೀಕನಿಗೆ ಬೇಕಿಲ್ಲ. ಅವನು ಕೇಳಿದ್ದು ಸೀರೆ, ಬಂದದ್ದು ಸೀರೆ.

ಕಂಪ್ಯೂಟರುಗಳ ನಡುವೆ ನಡೆಯುವ ಇಂಥದೇ ಏರ್ಪಾಟಿಗೆ ‘ರಿಮೋಟ್ ಪ್ರೊಸೀಜರ್ ಕಾಲ್’ ಎಂದು ಹೆಸರು, ಚಿಕ್ಕದಾಗಿ ಆರ್‌ಪಿಸಿ. ಒಂದು ಯಂತ್ರ ತಾನು ಮಾಡಲಾಗದ ಕೆಲಸವನ್ನು ದೂರದ ಇನ್ನೊಂದು ಯಂತ್ರದಿಂದ, ಅದು ತನ್ನೊಳಗೇ ನಡೆಯಿತೇನೋ ಎಂಬಷ್ಟು ಸಹಜವಾಗಿ, ಮಾಡಿಸಿಕೊಳ್ಳುವ ವಿಧಾನ ಇದು.

ಇದು ಎಲ್ಲೋ ಅಮೆರಿಕದ ಮಾತೆಂದು ತಳ್ಳಿಹಾಕುವಂತಿಲ್ಲ. 2000ದ ಸುಮಾರಿಗೆ ಕರ್ನಾಟಕದ ‘ಭೂಮಿ’ ಯೋಜನೆ ಪಹಣಿಗಳನ್ನು, ಈ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಉತಾರಗಳನ್ನು, ಕಂಪ್ಯೂಟರಿಗೆ ಏರಿಸಿತು. ಮೊದಮೊದಲು ಮುಧೋಳದ ದಾಖಲೆ ಮುಧೋಳದ ತಾಲ್ಲೂಕು ಕಚೇರಿಯ ಯಂತ್ರದಲ್ಲಿ, ಬೀಳಗಿಯದು ಬೀಳಗಿಯದರಲ್ಲಿ. ರೈತ ಅಲ್ಲಿಗೇ ಹೋಗಿ 15 ರೂಪಾಯಿ ಕೊಟ್ಟು ಪ್ರತಿ ಪಡೆಯಬೇಕಿತ್ತು. ಆಮೇಲೆ ದಾಖಲೆಗಳು ಬೆಂಗಳೂರಿನ ಕೇಂದ್ರದಲ್ಲಿ ಒಂದುಗೂಡಿದವು. ಈಗ ಕೇಳಿಕೆ ಇಲ್ಲಿಂದ ಹೋಗುತ್ತದೆ, ಉತ್ತರ ಅಲ್ಲಿಂದ ಬರುತ್ತದೆ. 2016ರಲ್ಲಿ ಬಂದ ಯುಪಿಐ ಮೂಲಕ ಜಮಖಂಡಿಯ ಅಂಗಡಿಯಲ್ಲಿ ಹಣ ಕೊಟ್ಟಾಗಲೂ ಹಾಗೆಯೇ. ಇವೆಲ್ಲ ಒಂದೇ ತಂತ್ರಾಂಶದಿಂದ ನಡೆಯುವುದಿಲ್ಲ ನಿಜ. ಆದರೆ ಚೀಟಿ ಕಳಿಸಿ ಉತ್ತರಕ್ಕೆ ಕಾಯುವ ಕ್ರಮ ಒಂದೇ.

ಈ ಕ್ರಮದ ಬೀಜ 1976ರಲ್ಲಿ ಜೇಮ್ಸ್ ವೈಟ್ ಬರೆದ ಒಂದು ಟಿಪ್ಪಣಿಯಲ್ಲಿದೆ. ಬ್ರೂಸ್ ನೆಲ್ಸನ್ 1981ರಲ್ಲಿ ಇದೇ ವಿಷಯದ ಮೇಲೆ ಪಿಎಚ್.ಡಿ. ಪ್ರಬಂಧ ಬರೆದರು. 1984ರಲ್ಲಿ ಅವರೂ ಆಂಡ್ರ್ಯೂ ಬಿರೆಲ್ ಅವರೂ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಇದನ್ನು ಕಟ್ಟಿ ನಡೆಸಿದ ಬಗೆಯನ್ನು ಪ್ರಕಟಿಸಿದರು. ಎರಡೂ ಕಡೆ ಒಬ್ಬೊಬ್ಬ ಗುಮಾಸ್ತನನ್ನು ಕೂರಿಸುವುದು ಅವರ ಉಪಾಯ. ಈ ಕಡೆಯವನು ಕೇಳಿಕೆಯನ್ನು ಮಡಚಿ ಲಕೋಟೆಗೆ ಹಾಕುತ್ತಾನೆ. ಆ ಕಡೆಯವನು ಬಿಚ್ಚಿ, ಕೆಲಸ ಮಾಡಿಸಿ, ಉತ್ತರವನ್ನು ಮಡಚುತ್ತಾನೆ. ಈ ಗುಮಾಸ್ತರೂ ತಂತ್ರಾಂಶದ ತುಣುಕುಗಳೇ.

ಈ ಉಪಾಯವನ್ನು ಊರೂರಿಗೆ ಮುಟ್ಟಿಸಿದ್ದು 1982ರಲ್ಲಿ ಹುಟ್ಟಿದ ಸನ್ ಮೈಕ್ರೋಸಿಸ್ಟಮ್ಸ್. ದೆಹಲಿ ಐಐಟಿಯಲ್ಲಿ ಓದಿದ ವಿನೋದ್ ಖೋಸ್ಲಾ ಅದರ ಸ್ಥಾಪಕರಲ್ಲೊಬ್ಬರು. ದೂರದ ಯಂತ್ರದ ಕಡತಗಳನ್ನು ತನ್ನವೇ ಎಂಬಂತೆ ಬಳಸಲು ಈ ಕಂಪನಿ ರೂಪಿಸಿದ ಎನ್‌ಎಫ್‌ಎಸ್ ವ್ಯವಸ್ಥೆಗೆ ಆರ್‌ಪಿಸಿಯೇ ಅಡಿಪಾಯ. ಅದರ ಲೈಬ್ರರಿಯನ್ನು, ಅಂದರೆ ಬೇರೆ ಪ್ರೋಗ್ರಾಮುಗಳು ಎತ್ತಿಕೊಂಡು ಬಳಸಬಹುದಾದ ಸಿದ್ಧ ಬರಹದ ಕಟ್ಟನ್ನು, ಸನ್ ಕಂಪನಿ ಮೂಲರೂಪದಲ್ಲೇ ಬಿಟ್ಟಿಯಾಗಿ ಹಂಚಿತು.

ಅದರಲ್ಲಿ ಜಾಣತನದ ಸಂಗತಿ ಎರಡಿದ್ದವು. ಕೆಲವು ಯಂತ್ರಗಳು ಸಂಖ್ಯೆಯನ್ನು ದೊಡ್ಡ ಸ್ಥಾನದಿಂದ ಬರೆದಿಡುತ್ತವೆ, ಕೆಲವು ಚಿಕ್ಕ ಸ್ಥಾನದಿಂದ. ಹೀಗಾದರೆ ಒಂದರ ಲೆಕ್ಕ ಇನ್ನೊಂದಕ್ಕೆ ತಲೆಕೆಳಗು. ದಾರಿಯಲ್ಲಿ ಹೋಗುವ ಚೀಟಿಯಲ್ಲಿ ದೊಡ್ಡ ಸ್ಥಾನವೇ ಮೊದಲು ಎಂದು ಸನ್ ನಿಯಮ ಮಾಡಿತು. ಎರಡನೆಯದು, ಪ್ರತಿ ಚೀಟಿಯ ಮೇಲೂ ಮೂರು ಅಂಕಿ: ಯಾವ ಸೇವೆ, ಅದರ ಎಷ್ಟನೆಯ ಆವೃತ್ತಿ, ಅದರಲ್ಲಿ ಯಾವ ಕೆಲಸ. ಎನ್‌ಎಫ್‌ಎಸ್‌ನ ಸೇವಾಸಂಖ್ಯೆ 100003. ಅದರ ಎರಡನೆಯ ಆವೃತ್ತಿ ಹೋಗಿ ಮೂರು ಬಂತು, ನಾಲ್ಕು ಬಂತು. ಸೇವೆಯ ಸಂಖ್ಯೆ ಬದಲಾಗಲಿಲ್ಲ. 1987 ಮತ್ತು 1988ರಲ್ಲಿ ಈ ನಿಯಮಗಳು ಅಂತರಜಾಲದ ಸಾರ್ವಜನಿಕ ಪತ್ರಗಳಾಗಿ ಅಚ್ಚಾದವು. ಓದಿದವರು ಯಾರು ಬೇಕಾದರೂ ತಮ್ಮದೇ ಗುಮಾಸ್ತನನ್ನು ತಯಾರಿಸಬಹುದಾಯಿತು.

ಇಷ್ಟೆಲ್ಲ ಆದರೂ ಒಂದು ತೊಡಕನ್ನು ಯಾರೂ ಪೂರ್ತಿ ನಿವಾರಿಸಲಾರರು. ಹೇಳಿ ಕಳಿಸಿದ ಸೀರೆ ಬರಲಿಲ್ಲವೆನ್ನಿ. ಚೀಟಿಯೇ ನೇಕಾರನಿಗೆ ಮುಟ್ಟಲಿಲ್ಲವೋ, ಅಥವಾ ನೇಯ್ದ ಸೀರೆ ದಾರಿಯಲ್ಲಿ ಕಳೆಯಿತೋ? ಮಾಲೀಕನಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಸುಮ್ಮನಿದ್ದರೆ ಸೀರೆ ಇಲ್ಲ. ಇನ್ನೊಂದು ಚೀಟಿ ಕಳಿಸಿದರೆ ಎರಡು ಸೀರೆ ಆಗಬಹುದು. ಸನ್ ಲೈಬ್ರರಿ ಪ್ರತಿ ಕೇಳಿಕೆಗೂ ಒಂದು ಗುರುತಿನ ಸಂಖ್ಯೆ ಹಾಕಿತು. ಎನ್‌ಎಫ್‌ಎಸ್ ಕಟ್ಟಿದವರು ಆದಷ್ಟು ಕೆಲಸಗಳನ್ನು ಎರಡು ಸಲ ಮಾಡಿದರೂ ಹಾನಿಯಾಗದಂತೆ ಜೋಡಿಸಿದರು. ‘ಮುಂದಿನ ಪುಟ ಓದು’ ಎಂದು ಎರಡು ಸಲ ಹೇಳಿದರೆ ಒಂದು ಪುಟ ತಪ್ಪಿಹೋಗುತ್ತದೆ. ‘ಹತ್ತನೆಯ ಪುಟ ಓದು’ ಎಂದು ನೂರು ಸಲ ಹೇಳಿದರೂ ಬರುವುದು ಹತ್ತನೆಯದೇ. ಆದರೆ ‘ಐನೂರು ರೂಪಾಯಿ ಕೊಡು’ ಎಂಬ ಮಾತು ಅಂಥದಲ್ಲ. ಹಣ ಕಳಿಸಿದಾಗ ಫೋನಿನಲ್ಲಿ ಕಾಣುವ ಉದ್ದನೆಯ ವಹಿವಾಟು ಸಂಖ್ಯೆಯನ್ನು ಯಾರೂ ಓದುವುದಿಲ್ಲ. ಆದರೆ ಒಮ್ಮೆ ಕೊಟ್ಟ ಹಣವನ್ನು ಮತ್ತೊಮ್ಮೆ ಕಡಿದುಕೊಳ್ಳದಂತೆ ಕಾಯಲು ಅಂಥ ಗುರುತೇ ಆಧಾರ.

ಇನ್ನು ಒಡೆತನದ ಮಾತು. ಸನ್ ಹಂಚಿದ ಬರಹದ ತಲೆಯ ಮೇಲೆ ಒಂದು ಷರತ್ತಿತ್ತು. ದುಡ್ಡಿಲ್ಲದೆ ನಕಲು ಮಾಡಬಹುದು, ತಿದ್ದಬಹುದು; ಆದರೆ ಇತರರಿಗೆ ಕೊಡುವುದಾದರೆ ತಾವು ಕಟ್ಟಿದ ಇನ್ನೊಂದು ಪ್ರೋಗ್ರಾಮಿನ ಭಾಗವಾಗಿ ಮಾತ್ರ ಕೊಡಬೇಕು. ಬೀಮು ತಂದು ನೇಯಿರಿ, ಬೀಮನ್ನಷ್ಟೇ ನೆರೆಮನೆಗೆ ದಾಟಿಸಬೇಡಿ ಎಂದ ಹಾಗೆ. ಅಷ್ಟು ದಿನ ಯಾರೂ ಇದನ್ನು ದೊಡ್ಡದು ಮಾಡಲಿಲ್ಲ. ಅದೇ ಬರಹ ಲಿನಕ್ಸ್ ವ್ಯವಸ್ಥೆಗಳ ಬೇರಿನಲ್ಲಿರುವ ಜಿಎನ್‌ಯು ಸಿ ಲೈಬ್ರರಿಯೊಳಗೂ ಸೇರಿಹೋಗಿತ್ತು. ಯಾರಿಗಾದರೂ ಹಂಚುವ ಹಕ್ಕು ಇರಬೇಕೆಂಬ ಮುಕ್ತ ತಂತ್ರಾಂಶದ ನಿಯಮಕ್ಕೆ ಇದು ಹೊಂದುವುದಿಲ್ಲವೆಂದು ಡೆಬಿಯನ್ ಮತ್ತು ಫೆಡೋರಾ ಬಳಗದವರು ಕಂಡುಕೊಂಡರು. ಬಿಟ್ಟಿ ಸಿಕ್ಕದ್ದೆಲ್ಲ ಮುಕ್ತವಲ್ಲ ಎಂಬ ಪಾಠ ಅದು. ರೆಡ್ ಹ್ಯಾಟ್ ಕಂಪನಿಯ ಟಾಮ್ ಕ್ಯಾಲವೇ ಬೆನ್ನುಹತ್ತಿ ಕೇಳುತ್ತಲೇ ಇದ್ದರು. 2009ರಲ್ಲಿ ಸನ್ ಷರತ್ತು ಸಡಿಲಿಸಲು ಒಪ್ಪಿತು. 2010ರ ಆರಂಭದಲ್ಲಿ ಸನ್ ಕಂಪನಿಯೇ ಓರಾಕಲ್ ಪಾಲಾಯಿತು. ಅದೇ ವರ್ಷ ಆಗಸ್ಟಿನ ಹೊತ್ತಿಗೆ ಓರಾಕಲ್ ಒಪ್ಪಿಗೆಯೂ ದೊರೆತು, ಕಾಲು ಶತಮಾನದ ಹಳೆಯ ತೊಡರು ಬಿಚ್ಚಿತು.

ವಿಚಿತ್ರವೆಂದರೆ, ಅಷ್ಟರಲ್ಲಿ ಆ ಹಳೆಯ ಬರಹಕ್ಕೇ ವಯಸ್ಸಾಗಿತ್ತು. ಅಂತರಜಾಲದ ಹೊಸ, ಉದ್ದ ವಿಳಾಸಗಳನ್ನು ಅದು ಅರಿಯದು. ಅದರ ಜಾಗಕ್ಕೆ ಸನ್ ಮೂಲದ್ದೇ ಆದ ಇನ್ನೊಂದು ಪೀಳಿಗೆಯ ‘ಟಿಐ-ಆರ್‌ಪಿಸಿ’ ಬಂತು. 2020ರಲ್ಲಿ ಜಿಎನ್‌ಯು ಸಿ ಲೈಬ್ರರಿ ಹಳೆಯದನ್ನು ಕೈಬಿಟ್ಟಿತು. ಆದರೆ ಚೀಟಿಯ ನಿಯಮ ಬದಲಾಗಲಿಲ್ಲ. ಎನ್‌ಎಫ್‌ಎಸ್ ಇಂದಿಗೂ ಅದೇ ನಿಯಮದಲ್ಲಿ ಮಾತನಾಡುತ್ತದೆ. ಹೊಸ ಕಾಲದವರು ಹೊಸ ಲೈಬ್ರರಿಗಳನ್ನು ಕಟ್ಟಿದ್ದಾರೆ. ಫೇಸ್‌ಬುಕ್ 2007ರಲ್ಲಿ ‘ಥ್ರಿಫ್ಟ್’ ಅನ್ನೂ ಗೂಗಲ್ 2015ರಲ್ಲಿ ‘ಜಿಆರ್‌ಪಿಸಿ’ಯನ್ನೂ ಹೊರಬಿಟ್ಟವು. ಥ್ರಿಫ್ಟ್ ಅಪಾಚೆ ಪ್ರತಿಷ್ಠಾನಕ್ಕೆ ಸೇರಿತು. ಜಿಆರ್‌ಪಿಸಿ 2017ರಲ್ಲಿ ಇನ್ನೊಂದು ಪ್ರತಿಷ್ಠಾನದ ಆಶ್ರಯಕ್ಕೆ ಬಂತು. ಕಂಪನಿ ಮುಳುಗಿದರೂ ಕೆಲಸ ನಿಲ್ಲಬಾರದೆಂಬ ಎಚ್ಚರ ಈ ಏರ್ಪಾಟಿನಲ್ಲಿದೆ.

ಆಲಮಟ್ಟಿಯ ಹಿನ್ನೀರು ಕಂಡ ಬೀಳಗಿ ಸೀಮೆಯಲ್ಲಿ ಉತಾರದ ಒಂದು ಸಾಲಿನ ಬೆಲೆ ಏನೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಅಂಥ ಸಾಲು ಇಂದು ದೂರದ ಯಂತ್ರದಲ್ಲಿದೆ. ಅದನ್ನು ಕರೆದು ತರುವವನು ಕಣ್ಣಿಗೆ ಕಾಣದ ಗುಮಾಸ್ತ. ಸರ್ಕಾರವಾಗಲಿ ಬ್ಯಾಂಕಾಗಲಿ ಹೊಸ ಯಂತ್ರ ತಂದಾಗ ಅದರ ವೇಗವನ್ನಷ್ಟೇ ಕೇಳಿದರೆ ಸಾಲದು. ಚೀಟಿಯ ನಿಯಮ ಎಲ್ಲರ ಓದಿಗೂ ಸಿಗುವಂತಿದೆಯೇ? ಮಾಡಿದವರು ಅಂಗಡಿ ಮುಚ್ಚಿದರೆ ತಿದ್ದಿ ನಡೆಸುವ ಹಕ್ಕು ಬೇರೆಯವರಿಗಿದೆಯೇ? ಈ ಎರಡು ಪ್ರಶ್ನೆ ಕೇಳಲು ಎಂಜಿನಿಯರ್ ಆಗಬೇಕಿಲ್ಲ. ಕರಾರುಪತ್ರ ಓದಿ ಸಹಿ ಹಾಕುವ ರೂಢಿಯಿದ್ದರೆ ಸಾಕು.