ಚೆಂಗ್ಡುವಿಗೆ ಒಬ್ಬ ನೀರುಗಂಟಿಯೂ ಹೋಗಲಿ



2013ರ ಅಕ್ಟೋಬರ್‌ನಲ್ಲಿ ಬೆಂಗಳೂರು ಮತ್ತು ಚೀನಾದ ಚೆಂಗ್ಡು ಸಹೋದರಿ ನಗರಗಳಾಗಲು ಒಪ್ಪಂದವಾಯಿತು. 2015ರ ಮೇ ತಿಂಗಳಲ್ಲಿ ಕರ್ನಾಟಕಕ್ಕೂ ಸಿಚುವಾನ್ ಪ್ರಾಂತ್ಯಕ್ಕೂ ಅದೇ ನಂಟು ಬೆಳೆಯಿತು. ಇಂಥ ನಂಟಿನ ಮಾತು ಬಂದಾಗೆಲ್ಲ ಸಾಫ್ಟ್‌ವೇರ್, ಬಂಡವಾಳ ಎನ್ನುತ್ತೇವೆ. ಅವೂ ಬೇಕು. ಆದರೆ ಅಲ್ಲಿಗೆ ಹೊರಡುವ ಸರ್ಕಾರಿ ನಿಯೋಗದಲ್ಲಿ ಕಪಿಲೆಯ (ಕಬಿನಿ ನದಿಯ) ನಾಲೆ ಬಯಲಿನಲ್ಲಿ ಗದ್ದೆಗಳಿಗೆ ನೀರು ಹಂಚುವ ಒಬ್ಬ ನೀರುಗಂಟಿ, ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಒಬ್ಬ ರೀಲರ್ ಇರಲೇಬೇಕು ಎನ್ನುವವನು ನಾನು.

ಚೆಂಗ್ಡು ಬಯಲಿಗೆ ನೀರುಣಿಸುವುದು ದುಜಿಯಾಂಗ್ಯಾನ್ ಎಂಬ ನೀರಾವರಿ ವ್ಯವಸ್ಥೆ. ಕ್ರಿ.ಪೂ. 256ರ ಸುಮಾರಿಗೆ ಲಿ ಬಿಂಗ್ ಎಂಬ ಪ್ರಾಂತ್ಯಾಧಿಕಾರಿ ಮಿನ್ ನದಿಯಲ್ಲಿ ಕಟ್ಟಿಸಿದ್ದು. ಹೊಳೆಯನ್ನು ತಡೆದು ನಿಲ್ಲಿಸುವ ಎತ್ತರದ ಗೋಡೆಯನ್ನು ಅವನು ಎಬ್ಬಿಸಲಿಲ್ಲ. ನಡುಹೊಳೆಯಲ್ಲಿ ಮೀನಿನ ಮೂತಿಯಂಥ ಚೂಪು ಒಡ್ಡು ಹಾಕಿ ನೀರನ್ನು ಎರಡಾಗಿ ಸೀಳಿದ. ಒಳಗವಲು ಗದ್ದೆಗೆ, ಹೊರಗವಲು ಪ್ರವಾಹಕ್ಕೆ. ಒಳಗೆ ನೀರು ಹೆಚ್ಚಾದರೆ ತಗ್ಗಿನ ಕೋಡಿಯ ಮೇಲೆ ಹೊರಳಿ, ಮರಳನ್ನೂ ಎಳೆದುಕೊಂಡು ಹೊರಹೋಗುತ್ತದೆ. ಬಿದಿರಿನ ಉದ್ದನೆಯ ಬುಟ್ಟಿಗಳಿಗೆ ಕಲ್ಲು ತುಂಬಿ ಒಡ್ಡು ಕಟ್ಟುತ್ತಿದ್ದರಂತೆ. ಚಳಿಗಾಲದಲ್ಲಿ ನೀರಿಳಿದಾಗ ಹೂಳೆತ್ತುವ ಪದ್ಧತಿ. ತಳದಲ್ಲಿ ಕಬ್ಬಿಣದ ಗುರುತುಗಳನ್ನು ಹುಗಿದಿದ್ದಾರೆ. ಅವು ಕಣ್ಣಿಗೆ ಬೀಳುವವರೆಗೂ ತೋಡಬೇಕು. ಯಾವ ಅಧಿಕಾರಿಯೂ ಅರ್ಧಕ್ಕೆ ನಿಲ್ಲಿಸಿ ಕೆಲಸ ಮುಗಿಯಿತು ಎನ್ನುವಂತಿಲ್ಲ! ಎರಡು ಸಾವಿರ ವರ್ಷ ದಾಟಿಯೂ ಅಲ್ಲಿ ನೀರು ಹರಿಯುತ್ತಿದೆ.

ನಮ್ಮವರಿಗೂ ಈ ವಿದ್ಯೆ ಗೊತ್ತಿತ್ತು. ಹುಲ್ಲಹಳ್ಳಿಯಲ್ಲಿ ಕಪಿಲೆಗೆ, ತಲಕಾಡಿನ ಬಳಿ ಕಾವೇರಿಗೆ ಕಟ್ಟಿದ ಹಳೆಯ ಅಣೆಗಳನ್ನು ನೋಡಿ. ತಗ್ಗಾದ ಕಲ್ಲಿನ ಒಡ್ಡು, ಪಕ್ಕದಲ್ಲಿ ತಿರುಗುವ ನಾಲೆ, ಹೊಳೆ ತುಂಬಿದರೆ ಮೇಲೆ ಹರಿದುಹೋಗಲು ದಾರಿ. ಕೆಆರ್‌ಎಸ್, ಕಬಿನಿ ಜಲಾಶಯಗಳು ಬಂದ ಮೇಲೆ ನಮ್ಮ ಗಮನವೆಲ್ಲ ಜಲಾಶಯದ ಮಟ್ಟದ ಮೇಲೆ. ನಾಲೆಯ ಹೂಳಿನ ಮೇಲಲ್ಲ. ಇದು ನನಗೆ ನಿಜವಾದ ಸಂಕಟ.

ಇನ್ನು ರೇಷ್ಮೆ. ತಿ.ನರಸೀಪುರದ ಸರ್ಕಾರಿ ಕಾರ್ಖಾನೆಯಲ್ಲಿ ಬಿಚ್ಚಿದ ನೂಲು ಮೈಸೂರಿನಲ್ಲಿ 1912ರಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಗೆ ಹೋಗಿ ಸೀರೆಯಾಗುತ್ತದೆ. ಚೆಂಗ್ಡುವೂ ರೇಷ್ಮೆಯ ಊರು; ಅಲ್ಲಿನ ಹಾನ್ ಕಾಲದ ಗೋರಿಯೊಂದರಲ್ಲಿ ಮಗ್ಗದ ಮರದ ಮಾದರಿಗಳೇ ಸಿಕ್ಕಿವೆ. ಆದರೆ ಚೀನಾ ರೇಷ್ಮೆ ಎಂದರೆ ನಮ್ಮ ಬೆಳೆಗಾರರಿಗೆ ನೆನಪಾಗುವುದು 2011. ಕೇಂದ್ರದ ಬಜೆಟ್ಟು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು, ಗೂಡಿನ ಬೆಲೆ ನೆಲಕಚ್ಚಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ಅದೇ ಚೀನಾದಿಂದ ಬಂದ ಸ್ವಯಂಚಾಲಿತ ಯಂತ್ರಗಳು ಇಂದು ರಾಮನಗರ, ಶಿಡ್ಲಘಟ್ಟಗಳಲ್ಲಿ ದ್ವಿತಳಿ ಗೂಡಿನಿಂದ ಒಳ್ಳೆಯ ನೂಲು ತೆಗೆಯುತ್ತಿವೆ. ಪೆಟ್ಟು, ಉಪಕಾರ ಎರಡನ್ನೂ ನಂಟರ ಮುಂದೆ ಆಡಲೇಬೇಕು.

ಅದಕ್ಕೇ ನಿಯೋಗ ಹೂಳೆತ್ತುವ ಚಳಿಗಾಲದಲ್ಲೇ ಹೋಗಲಿ. ನಾಲೆಯ ಕೊನೆಯ ಗದ್ದೆಗೆ ನೀರು ಮುಟ್ಟದಿದ್ದರೆ ಅಲ್ಲಿ ಯಾರು ಹೊಣೆ ಎಂದು ನಮ್ಮ ನೀರುಗಂಟಿ ಕೇಳಲಿ. ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕುವ ಹೆಣ್ಣುಮಕ್ಕಳ ಕಷ್ಟಕ್ಕೆ ಏನು ಮಾಡಿದ್ದಾರೆಂದು ರೀಲರ್ ವಿಚಾರಿಸಲಿ. ಪ್ರವಾಸದ ವರದಿಯನ್ನು ವಿಧಾನಸೌಧದಲ್ಲಿ ಒಪ್ಪಿಸಿದ ಮೇಲೆ ಹುಲ್ಲಹಳ್ಳಿಯಲ್ಲೂ ನರಸೀಪುರದಲ್ಲೂ ಜನರ ಮುಂದೆ ಕನ್ನಡದಲ್ಲಿ ಓದಲಿ.